ನಂಬಿ ಇಟ್ಟ ಮಾತು

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ನಾನು ಪದವಿ ತರಗತಿಗಳಲ್ಲಿ ಹಲವು ಬಾರಿ ಪಾಠ ಮಾಡಿದ್ದೇನೆ. 1976ರಲ್ಲಿ ಪ್ರಕಟವಾದ ಈ ಕೃತಿಯನ್ನು 1983ರಲ್ಲಿ ಪ್ರೇಮಾ ಕಾರಂತರು ಚಲನಚಿತ್ರವಾಗಿಸಿದರು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರಗಿನ ಓದುಗರನ್ನೂ ಮುಟ್ಟಿತು. ಮಲೆನಾಡಿನ ಬ್ರಾಹ್ಮಣ ಮನೆತನವೊಂದರಲ್ಲಿ ಬಾಲ್ಯದಲ್ಲಿಯೇ ವಿಧವೆಯಾಗಿ, ಮಡಿಯ ಕಟ್ಟುಪಾಡಿನೊಳಗೆ ದೀರ್ಘಾಯುಷ್ಯವನ್ನು ಸವೆಸಿ, ಇಳಿವಯಸ್ಸಿನಲ್ಲಿ ಕೇಶಮುಂಡನವನ್ನು ಒಲ್ಲೆನೆಂದ ತರುಣ ವಿಧವೆಯೊಬ್ಬಳ ಪರವಾಗಿ ನಿಂತ ಹೆಂಗಸಿನ ಕತೆ ಅದು. ಆಕೆ ಲೇಖಕಿಯ ಕಲ್ಪನೆಯಿಂದ ಹುಟ್ಟಿದವರಲ್ಲ. ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ ಹಿರಿಯ ಜೀವ. ತಮ್ಮ ಬಾಳಿನ ವೃತ್ತಾಂತವನ್ನು ಆಕೆ ಇಂದಿರಾ ಅವರ ತಾಯಿಯ ಮುಂದೆ ಹೇಳಿಕೊಂಡಿದ್ದರು. ತಾಯಿಯ ಕಿವಿಗೆ ಬಿದ್ದದ್ದು ಕಾಲಾಂತರದಲ್ಲಿ ಮಗಳ ಲೇಖನಿಗೆ ಬಂತು.

ಈ ಹಿನ್ನೆಲೆಯನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಆ ಅಜ್ಜಿ ಹೇಳಿದ್ದು ಲೇಖಕಿಯ ತಾಯಿಗೆ ಅಲ್ಲವೇ? ಊರಿಗೆಲ್ಲ ಹೇಳಿ ಎಂದು ಹೇಳಿರಲಿಲ್ಲವಲ್ಲ?” ಸಾಹಿತ್ಯವು ವ್ಯಕ್ತಿಯ ನೋವನ್ನು ಲೋಕದ ನೋವಾಗಿಸುತ್ತದೆ ಎಂಬರ್ಥದ ಉತ್ತರವೊಂದನ್ನು ಕೊಟ್ಟು ನಾನು ಮುಂದಿನ ಅಧ್ಯಾಯಕ್ಕೆ ಹೋದೆ. ಹುಡುಗಿ ಕುಳಿತುಕೊಂಡಳು, ಆದರೆ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ನನಗೂ ಸಿಕ್ಕಿರಲಿಲ್ಲ. ಆ ಪ್ರಶ್ನೆಯಿಂದ ನಾನು ತಪ್ಪಿಸಿಕೊಂಡದ್ದಕ್ಕೆ ನನ್ನದೇ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಇಂದು ಈ ಪ್ರಶ್ನೆಗೆ ಹೆಚ್ಚಿನ ತುರ್ತು ಬಂದಿದೆ. ಮೌಖಿಕ ಇತಿಹಾಸ ಎಂಬುದು ಈಗ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಮಾತ್ರ ಸೇರಿದ ವಿದ್ಯೆಯಾಗಿ ಉಳಿದಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಧ್ವನಿಮುದ್ರಣ ಯಂತ್ರವಿದೆ. ಅಜ್ಜಿಯರ, ಕೂಲಿಕಾರರ, ಮುಳುಗಡೆಯಾದ ಊರುಗಳಿಂದ ಎದ್ದು ಬಂದವರ ನೆನಪುಗಳನ್ನು ದಾಖಲಿಸಿ ತನ್ನಿ ಎಂದು ನಾವೇ ಅವರನ್ನು ಕಳುಹಿಸುತ್ತೇವೆ. ಅವರಲ್ಲಿ ಬರವಣಿಗೆಯ ಹಂಬಲವುಳ್ಳವರು ಆ ದಾಖಲೆಯನ್ನೇ ಕತೆಯಾಗಿಸುತ್ತಾರೆ. ಕತೆ ವಿಶೇಷಾಂಕದಲ್ಲಿ ಅಚ್ಚಾಗುತ್ತದೆ, ಬಹುಮಾನವನ್ನೂ ಪಡೆಯುತ್ತದೆ. ಹೇಗೆ ಕೇಳಬೇಕು, ಹೇಗೆ ಲಿಪ್ಯಂತರಿಸಬೇಕು ಎಂಬುದನ್ನು ನಾವು ಕಲಿಸುತ್ತೇವೆ. ಕೇಳಿದ್ದನ್ನು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಕಲಿಸುವುದಿಲ್ಲ.

ಇನ್ನು ನನ್ನ ಕಾರಣ. ಸುಮಾರು ಮೂವತ್ತು ವರ್ಷಗಳ ಹಿಂದೆ, ಹೊಸದಾಗಿ ಅಧ್ಯಾಪಕನಾಗಿ ಸೇರಿ ಪಿಎಚ್.ಡಿ. ಅಧ್ಯಯನಕ್ಕೆ ತೊಡಗಿದ್ದಾಗ, ಪಾಡ್ದನಗಳ ಸಂಗ್ರಹಕ್ಕಾಗಿ ಕಾರ್ಕಳ ತಾಲೂಕಿನ ಹಳ್ಳಿಗಳಲ್ಲಿ ತಿರುಗುತ್ತಿದ್ದೆ. ಒಂದು ಹಳ್ಳಿಯಲ್ಲಿ ಅರುವತ್ತು ದಾಟಿದ ಹೆಂಗಸೊಬ್ಬರು ನನಗೆ ಮೂರು ದಿನ ಹಾಡಿದರು. ಹಾಡಿನ ನಡುವೆ ಎಲೆಯಡಿಕೆಗೆಂದು ನಿಲ್ಲಿಸಿದಾಗ ತಮ್ಮ ಬದುಕಿನ ಮಾತುಗಳನ್ನೂ ಆಡಿದರು. ಯಂತ್ರ ತಿರುಗುತ್ತಲೇ ಇತ್ತು.

ಅವರು ಹೇಳಿದ್ದು ಡಿಕ್ಲರೇಶನ್ ಕಾಲದ ಸಂಗತಿ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರು ತಾವು ಉಳುತ್ತಿದ್ದ ಭೂಮಿಗಾಗಿ ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರು. ಭೂನ್ಯಾಯ ಮಂಡಳಿಗಳು ವಿಚಾರಣೆ ನಡೆಸಿದವು. ಕರಾವಳಿಯಲ್ಲಿ ಆ ಅರ್ಜಿಯನ್ನು ಇಂದಿಗೂ ‘ಡಿಕ್ಲರೇಶನ್’ ಎಂದೇ ಕರೆಯುತ್ತಾರೆ. ಈ ತಾಯಿಯ ಗಂಡನೂ ಅರ್ಜಿ ಕೊಟ್ಟಿದ್ದರು. ಅನಂತರದ ಕೊಯ್ಲಿನಲ್ಲಿ ಈಕೆ ವಾಡಿಕೆಯಂತೆ ಹೊಸ ಅಕ್ಕಿಯನ್ನು ಹಿಡಿದು ಧಣಿಗಳ ಮನೆಯ ಅಂಗಳಕ್ಕೆ ಹೋದರಂತೆ. ಮನೆಯ ಹಿರಿಯಮ್ಮ ಎಂದಿನಂತೆ ಎಲೆ ಹಾಕಿ ಊಟ ಬಡಿಸಿದರು. ಅರ್ಜಿಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಉಂಡು, ಎಲೆ ಎತ್ತಿ, ಇವರು ಮನೆಗೆ ಬಂದರು. ಇಷ್ಟೇ. ಬೇರೊಂದು ದಿನ, ಬೇರೊಂದು ಮಾತಿನ ನಡುವೆ, ಮಂಡಳಿಯ ತೀರ್ಪಿನಲ್ಲಿ ಬೈಲುಗದ್ದೆ ತಮಗೆ ಬಂತು, ಮಜಲುಗದ್ದೆಯೊಂದು ಬರಲಿಲ್ಲ ಎಂದೂ ಹೇಳಿದ್ದರು. ಯಾಕೆ ಬರಲಿಲ್ಲ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ನಾನು ಒಂದು ಕತೆ ಬರೆದೆ. ಹೆಸರು ಬದಲಿಸಿದೆ, ಊರನ್ನು ಬದಲಿಸಿದೆ. ಅಂಗಳದ ಆ ಮೌನ ಕತೆಗೆ ಸಾಲದು ಎಂದು ಆಗ ನನಗೆ ತೋರಿತು, ಸಂಘರ್ಷ ಬೇಕಿತ್ತು. ಆದ್ದರಿಂದ ನನ್ನ ಕತೆಯ ಹೆಂಗಸು ಧಣಿಗಳ ಮನೆಯಲ್ಲಿ ಉಂಡ ಅನ್ನದ ಋಣಕ್ಕೆ ಕರಗಿ, ಗಂಡನ ಕೈಯಲ್ಲಿ ಯಾವ ಗದ್ದೆಯ ಗೇಣಿ ರಶೀದಿ ಇಲ್ಲ ಎಂಬುದನ್ನು ಹಿರಿಯಮ್ಮನಿಗೆ ಹೇಳಿಬಿಡುತ್ತಾಳೆ. ಒಂದು ಗದ್ದೆ ಕೈತಪ್ಪುತ್ತದೆ. ಕತೆ ವಾರಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮೆಚ್ಚುಗೆಯ ಪತ್ರಗಳು ಬಂದವು. ಅವುಗಳನ್ನು ನಾನು ಬಹುಕಾಲ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಎರಡು ವರ್ಷಗಳ ಬಳಿಕ ಪ್ರಬಂಧದ ಕೆಲಸಕ್ಕಾಗಿ ಮತ್ತೆ ಆ ಮನೆಗೆ ಹೋದೆ. ಅವರು ಬೆಲ್ಲ, ನೀರು ತಂದಿಟ್ಟರು. ಹಾಡಲು ಒಪ್ಪಲಿಲ್ಲ. ಪತ್ರಿಕೆ ಹಳ್ಳಿಗೂ ಬಂದಿತ್ತು. ಓದಬಲ್ಲ ಹುಡುಗರು ಓದಿ ಹೇಳಿದ್ದರು. ಗಂಡನ ತಮ್ಮನ ಮನೆಯವರಿಗೆ ಆ ಮಜಲುಗದ್ದೆ ಹೋದದ್ದು ಹಳೆಯ ಗಾಯ. ಅದು ಹೋದದ್ದು ಹೇಗೆಂದು ಈಗ ತಿಳಿಯಿತು ಎಂದು ಅವರು ನಿಶ್ಚಯಿಸಿಬಿಟ್ಟಿದ್ದರು. ಎರಡು ಮನೆಗಳ ನಡುವೆ ಮಾತು ನಿಂತಿತ್ತು. ನಾನು ಕತೆ ಎಂದರೆ ಕಲ್ಪನೆ ಎಂದೆಲ್ಲ ಹೇಳತೊಡಗಿದೆ. ಅವರು ತುಳುವಿನಲ್ಲಿ ಅಂದದ್ದರ ತಾತ್ಪರ್ಯ ಇಷ್ಟು: “ನಾನು ಹೇಳಿದ್ದನ್ನು ಬರೆದಿರಲ್ಲ ಮಾಷ್ಟ್ರೇ, ಅದಕ್ಕೆ ನನಗೆ ಬೇಸರವಿಲ್ಲ. ನಾನು ಮಾಡದ್ದನ್ನೂ ಅದರ ಜೊತೆ ಸೇರಿಸಿದಿರಿ. ಈಗ ಯಾವುದು ಯಾವುದೆಂದು ಇವರಿಗೆ ನಾನು ಹೇಗೆ ತೋರಿಸಲಿ?”

ಈ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದರಲ್ಲಿ ಎರಡು ಸಂಗತಿಗಳಿದ್ದವು ಎಂಬುದು ಆಮೇಲೆ ಹೊಳೆಯಿತು. ಹೆಸರು ಬದಲಿಸಿದರೆ ಸಾಕು ಎಂದು ನಾವು ಬರೆಯುವವರು ನಂಬಿದ್ದೇವೆ. ಹೆಸರಿನ ಬದಲಾವಣೆ ದೂರದ ಓದುಗನಿಂದ ಮಾತ್ರ ವ್ಯಕ್ತಿಯನ್ನು ಮರೆಮಾಡುತ್ತದೆ. ನಿಜವಾದ ಹೆಸರನ್ನೇ ಬರೆದಿದ್ದರೂ ಆ ಓದುಗನಿಗೆ ಆಕೆ ಯಾರೆಂದು ತಿಳಿಯುತ್ತಿರಲಿಲ್ಲ. ಯಾರ ಕಣ್ಣಿಗೆ ಬಿದ್ದರೆ ಆಕೆಗೆ ನೋವಾಗುವುದೋ ಆ ನೆರೆಹೊರೆಯವರಿಗೆ, ದಾಯಾದಿಗಳಿಗೆ ಹೆಸರಿನ ಆವಶ್ಯಕತೆಯೇ ಇಲ್ಲ. ಗದ್ದೆ, ಅಂಗಳ, ಹೊಸ ಅಕ್ಕಿ ಇಷ್ಟೇ ಅವರಿಗೆ ಸಾಕು. ಇದು ಒಂದು. ಇನ್ನೊಂದು, ಕತೆಯಲ್ಲಿ ನಿಜವಿದ್ದಷ್ಟೂ ಅದರೊಳಗಿನ ಕಲ್ಪನೆಗೆ ನಿಜದ ಬಲ ಬರುತ್ತದೆ. ಆಕೆ ಹೇಳಿದ ಎರಡು ನಿಜಗಳನ್ನು ನಾನು ನನ್ನದೊಂದು ಎಳೆಯಿಂದ ಕಟ್ಟಿದ್ದೆ. ಓದಿದವರು ಆ ಎಳೆಯನ್ನೂ ಆಕೆಯದೆಂದೇ ತಿಳಿದರು.

ಮೂರನೆಯದೊಂದನ್ನು ಒಪ್ಪಿಕೊಳ್ಳಬೇಕು. ನಾನು ಗೇಣಿ ಪಡೆಯುತ್ತಿದ್ದ ಮನೆತನದಿಂದ ಬಂದವನು. ಒಕ್ಕಲಿನ ಹೆಂಗಸು ಧಣಿಗಳ ಅನ್ನಕ್ಕೆ ಸೋಲುತ್ತಾಳೆ ಎಂಬ ತಿರುವು ನನಗೆ ಅಷ್ಟು ಸಹಜವಾಗಿ ಹೊಳೆದದ್ದೇಕೆ ಎಂದು ಅಂದು ನಾನು ಕೇಳಿಕೊಳ್ಳಲಿಲ್ಲ. ಕಲ್ಪನೆಗೂ ಒಂದು ಮನೆತನವಿರುತ್ತದೆ.

ನಮ್ಮ ಶಾಸ್ತ್ರಗ್ರಂಥಗಳನ್ನು ಪಾಠಕ್ಕಾಗಿ ಮಾತ್ರ ತೆರೆಯುವ ದುರಭ್ಯಾಸವಿದ್ದ ನಾನು, ಕೆಲವು ವರ್ಷಗಳ ಹಿಂದೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದುತ್ತಿರುವಾಗ ಒಂದೆಡೆ ತಡೆದು ನಿಂತೆ. ಉಮಾಸ್ವಾಮಿಗಳು ಅಲ್ಲಿ ಗೃಹಸ್ಥನ ಸತ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಏಕಾಂತದಲ್ಲಿ ನಡೆದದ್ದನ್ನು ಬಯಲಿಗೆ ತರುವುದು ರಹೋಭ್ಯಾಖ್ಯಾನ. ಬಯಲಿಗೆ ತಂದದ್ದು ನಿಜವೇ ಆಗಿದ್ದರೂ ಅದು ಸತ್ಯವ್ರತಕ್ಕೆ ದೋಷ ಎಂಬುದನ್ನು ಗಮನಿಸಬೇಕು. ನಿಜವನ್ನೇ ಬರೆದಿದ್ದೇನೆ ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ.

ಕೂಟಲೇಖಕ್ರಿಯೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ರೀತಿ ಹೀಗಿದೆ: ಒಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು ಅವನೇ ಆಡಿದ, ಮಾಡಿದ ಎಂದು ವಂಚನೆಗಾಗಿ ಬರೆಯುವುದು. ಕತೆಗಾರನಿಗೆ ವಂಚನೆಯ ಉದ್ದೇಶವಿಲ್ಲ, ಆದ್ದರಿಂದ ಈ ದೋಷ ಅವನಿಗೆ ತಾಗದು ಎಂದು ವಾದಿಸಬಹುದು; ಆ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ನ್ಯಾಸಾಪಹಾರದ ವಿವರಣೆಯಿಂದ ಪಾರಾಗುವುದು ಅಷ್ಟು ಸುಲಭವಲ್ಲ. ಒಬ್ಬನು ನಂಬಿಕೆಯಿಂದ ಹಣವನ್ನು ಇಟ್ಟು ಹೋಗಿದ್ದಾನೆ. ಎಷ್ಟು ಇಟ್ಟೆನೆಂಬುದು ಅವನಿಗೆ ಮರೆತಿದೆ. ಮರಳಿ ಬಂದು ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು, ಪೂರ್ತಿ ಲೆಕ್ಕ ಬಲ್ಲವನು, “ಹೌದು, ಅಷ್ಟೇ” ಎನ್ನುತ್ತಾನೆ. ಅವನು ಕದಿಯಲಿಲ್ಲ; ಕೇಳಿದಷ್ಟನ್ನು ಕೊಟ್ಟೂ ಕೊಟ್ಟ. ಆದರೂ ಅದು ನ್ಯಾಸದ ಅಪಹರಣ.

ಹೇಳುವವರಿಗೆ ತಾವು ಎಷ್ಟು ಕೊಟ್ಟೆವೆಂಬುದು ತಿಳಿದಿರುವುದಿಲ್ಲ. ಎಲೆಯಡಿಕೆ ಮೆಲ್ಲುತ್ತಾ ಆಡಿದ ಮಾತಿಗೆ ಲೆಕ್ಕವಿಡುವವರು ಯಾರು? ನನ್ನ ಬಳಿ ಕ್ಯಾಸೆಟ್ ಇತ್ತು. ಎಷ್ಟು ಬಂದಿದೆ, ಅದರಲ್ಲಿ ಎಷ್ಟನ್ನು ಬಳಸಲಿದ್ದೇನೆ, ಅದಕ್ಕೆ ಏನನ್ನು ಬೆರೆಸಲಿದ್ದೇನೆ ಎಂಬುದೆಲ್ಲ ನನಗೊಬ್ಬನಿಗೇ ಗೊತ್ತಿತ್ತು. ಆಕೆ ಕೇಳಲಿಲ್ಲ, ಆದ್ದರಿಂದ ನಾನೂ ಹೇಳಲಿಲ್ಲ. ನನ್ನ ತಪ್ಪು ಕತೆ ಬರೆದದ್ದರಲ್ಲಿ ಇಲ್ಲ. ಅಚ್ಚಿಗೆ ಕಳುಹಿಸುವ ಮೊದಲು ಆಕೆಯ ಅಂಗಳಕ್ಕೆ ಮರಳಿ ಹೋಗಿ ಲೆಕ್ಕ ಒಪ್ಪಿಸದೆ ಇದ್ದದ್ದರಲ್ಲಿ ಇದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಎಲ್ಲರ ಅಪ್ಪಣೆ ಪಡೆದು ಬರೆಯಹೊರಟರೆ ಸಾಹಿತ್ಯವೇ ಹುಟ್ಟದು ಎಂಬುದು ಮೊದಲನೆಯದು. ದೌರ್ಜನ್ಯ ಎಸಗಿದವನ ಒಪ್ಪಿಗೆಯನ್ನು ಕಾದು ಕುಳಿತರೆ ಯಾವ ದೌರ್ಜನ್ಯವೂ ಬೆಳಕಿಗೆ ಬಾರದು. ಇದು ನಿಜ. ನಾನು ಹೇಳುತ್ತಿರುವ ಹೊಣೆ ಕತೆಯೊಳಗೆ ಬರುವ ಎಲ್ಲರಿಗೂ ಸಲ್ಲುವಂಥದ್ದಲ್ಲ. ನಂಬಿ ಬಾಯಿಬಿಟ್ಟವರಿಗೆ ಸಲ್ಲುವಂಥದ್ದು. ಧಣಿಗಳ ಒಪ್ಪಿಗೆ ನನಗೆ ಬೇಕಿರಲಿಲ್ಲ. ಹೇಳಿದಾಕೆಯ ಒಪ್ಪಿಗೆ ಬೇಕಿತ್ತು.

ಹಲವರ ಅನುಭವವನ್ನು ಒಂದಾಗಿ ಕರಗಿಸಿ ಬರೆಯುವ ಲೇಖಕನ ಸ್ಥಿತಿಯೂ ಬೇರೆ. ನಾ. ಡಿಸೋಜ ಅವರು ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದು, ಲಿಂಗನಮಕ್ಕಿಯ ನೀರಿಗೆ ಊರು ಕಳೆದುಕೊಂಡವರನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಅಂಥ ಬದುಕಿನ ನಡುವಿನಿಂದ ಬಂದ ಕೃತಿಗಳು. ಮುಳುಗಡೆ ಎಂಬುದು ಒಬ್ಬರು ನಂಬಿ ಹೇಳಿದ ಗುಟ್ಟಲ್ಲ. ಇಡೀ ಸೀಮೆ ಕಣ್ಣೆದುರು ಅನುಭವಿಸಿದ ಸಂಕಟ. ಅಲ್ಲಿ ಕಾದಂಬರಿಕಾರನ ಸ್ವಾತಂತ್ರ್ಯ ದೊಡ್ಡದು. ಒಬ್ಬರ ಒಂದೇ ಬಾಳನ್ನು ಎತ್ತಿಕೊಂಡಾಗ ಅದು ಕಿರಿದಾಗುತ್ತದೆ, ಕಿರಿದಾಗಲೇಬೇಕು.

ಎರಡನೆಯ ಆಕ್ಷೇಪ ಇನ್ನೂ ಕಠಿಣ. ಹೇಳಿದವರು ಆಮೇಲೆ ಮನಸ್ಸು ಬದಲಿಸಿದರೆ? ಬೆಲಾರೂಸಿನ ಲೇಖಕಿ, 2015ರ ನೊಬೆಲ್ ಪುರಸ್ಕೃತೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಈ ಇಕ್ಕಟ್ಟನ್ನು ನ್ಯಾಯಾಲಯದಲ್ಲಿಯೇ ಎದುರಿಸಿದರು. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ನಡೆಸಿದ ಯುದ್ಧದ ಬಗ್ಗೆ ಸೈನಿಕರ, ಮಡಿದವರ ತಾಯಂದಿರ ಮಾತುಗಳಿಂದಲೇ ಅವರು ಕಟ್ಟಿದ ಪುಸ್ತಕಕ್ಕೆ, ಶವಗಳು ಮರಳಿ ಬಂದ ಸತುವಿನ ಪೆಟ್ಟಿಗೆಗಳಿಂದಲೇ ಹೆಸರು ಬಂದಿದೆ. ಅದು ಕಾದಂಬರಿಯಲ್ಲ, ಆದರೆ ಕೇಳಿದ ಮಾತನ್ನು ಆಯ್ದು, ಕತ್ತರಿಸಿ, ಜೋಡಿಸಿದ ಸಾಹಿತ್ಯಕೃತಿ. 1990ರ ದಶಕದ ಮೊದಲ ವರ್ಷಗಳಲ್ಲಿ, ಮಾತಾಡಿದವರಲ್ಲೇ ಕೆಲವರು ತಮ್ಮ ಮಾತನ್ನು ತಿರುಚಲಾಗಿದೆ ಎಂದು ಮಿನ್ಸ್ಕ್ ನಗರದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮಗನ ಮರಣದ ಸಮೀಪದಲ್ಲಿ ತಾಯಿಯೊಬ್ಬಳು ಸಿಟ್ಟಿನಿಂದ ಆಡಿದ ಮಾತು, ಕೆಲವು ವರ್ಷಗಳ ಅನಂತರ ಮಗನನ್ನು ವೀರನೆಂದು ನೆನೆಯಬಯಸುವ ಅದೇ ತಾಯಿಗೆ ಸಹಿಸಲಸಾಧ್ಯವಾಗಬಹುದು. ಇಬ್ಬರೂ ಆಕೆಯೇ. ಲೇಖಕಿ ಯಾರಿಗೆ ನಿಷ್ಠಳಾಗಿರಬೇಕು?

ಹೇಳಿದವರಿಗೆ ಕೃತಿಯನ್ನು ಸಂಪೂರ್ಣವಾಗಿ ತಡೆಯುವ ಅಧಿಕಾರವಿರಬೇಕು ಎಂದು ನಾನು ಹೇಳಲಾರೆ. ಹಾಗಾದರೆ ಕುಟುಂಬದ ಮಾನಕ್ಕೆ, ಊರಿನ ಒತ್ತಡಕ್ಕೆ ಅಂಜಿ ಎಷ್ಟೋ ನಿಜಗಳು ಅಳಿಸಿಹೋಗುತ್ತವೆ. ಆದರೆ ಅಲೆಕ್ಸಿಯೆವಿಚ್ ಅವರ ಪುಸ್ತಕದ ಮುಂದಿನ ಆವೃತ್ತಿಗಳಲ್ಲಿ ಆ ವ್ಯಾಜ್ಯದ ದಾಖಲೆಗಳನ್ನೂ ಸೇರಿಸಲಾಯಿತು ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ. ತನ್ನ ಮೇಲೆ ದೂರಿದವರ ಮಾತಿಗೂ ಅದೇ ರಟ್ಟಿನೊಳಗೆ ಸ್ಥಳ ದೊರೆಯಿತು. ಓದುಗ ಎರಡನ್ನೂ ಓದಿ ತೀರ್ಮಾನಿಸಬಹುದು. ನನ್ನ ಕತೆಯ ಹೆಂಗಸಿಗೆ ಅಂಥ ಪುಟ ಸಿಗಲಿಲ್ಲ. ನ್ಯಾಯಾಲಯಕ್ಕೆ ಹೋಗುವ ಶಕ್ತಿಯೂ ಆಕೆಗಿರಲಿಲ್ಲ.

ಹೋಗಿದ್ದರೂ ಕಾನೂನಿನಿಂದ ದೊರೆಯುವುದು ಅಲ್ಪ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವನ ಹಕ್ಕು ಅವನ ಜೀವಿತಾವಧಿಯಲ್ಲಿಯೂ ಮರಣಾನಂತರ 60 ವರ್ಷಗಳವರೆಗೂ ಇರುತ್ತದೆ. ವಿಚಾರ, ವಸ್ತು, ಕಥಾಹಂದರ, ಐತಿಹಾಸಿಕ ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಾಹಿತ್ಯದ ಆರೋಗ್ಯಕ್ಕೆ ಈ ತತ್ತ್ವ ಅಗತ್ಯವೇ. ಆದರೆ ಅದರ ಪರಿಣಾಮವನ್ನೂ ಕಾಣಬೇಕು: ಬದುಕಿದವರಿಗೆ ತಮ್ಮ ಬದುಕಿನ ಕತೆಯ ಮೇಲೆ ಕೃತಿಸ್ವಾಮ್ಯವಿಲ್ಲ, ಅದನ್ನು ಕೇಳಿ ಬರೆದವರ ವಾಕ್ಯಗಳಿಗೆ ಇದೆ. ಹೀಗಿರುವಾಗ ಉಳಿದ ಭಾರವೆಲ್ಲ ಬರೆಯುವವರ ಅಂತಃಸಾಕ್ಷಿಯ ಮೇಲೆಯೇ ಬೀಳುತ್ತದೆ.

ಹೆಸರನ್ನು ಮರೆಸುವುದೇ ಯಾವಾಗಲೂ ಧರ್ಮವೂ ಅಲ್ಲ. 1931ರಲ್ಲಿ ಬಂದ ‘ಗರತಿಯ ಹಾಡು’ ಸಂಕಲನದ ಹಿಂದಿದ್ದ ಹಲಸಂಗಿ ಗೆಳೆಯರ ಹೆಸರು ನಮಗೆ ಬಾಯಿಪಾಠ. ಬೀಸುತ್ತ, ಕುಟ್ಟುತ್ತ ಆ ಹಾಡುಗಳನ್ನು ಹಾಡಿದ ಹೆಂಗಸರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಜನಪದ ಎಂಬ ದೊಡ್ಡ ಪದದೊಳಗೆ ಎಷ್ಟೋ ವ್ಯಕ್ತಿಗಳು ಮಾಯವಾಗಿದ್ದಾರೆ. 1998ರಲ್ಲಿ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಹೊರತಂದ ತುಳುವಿನ ಸಿರಿ ಮಹಾಕಾವ್ಯದ ಮುಖಪುಟದಲ್ಲಿ ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರು ಶೀರ್ಷಿಕೆಯ ಭಾಗವಾಗಿಯೇ ಇದೆ. ಅದೊಂದು ಮೇಲ್ಪಂಕ್ತಿ. ಹಾಡಿಗೆ ಹೆಸರು ಬೇಕು. ಬಾಳಿನ ಗುಟ್ಟಿಗೆ ಮರೆ ಬೇಕಾಗಬಹುದು. ಯಾವುದಕ್ಕೆ ಯಾವುದು ಎಂಬುದನ್ನು ನಿರ್ಧರಿಸಬೇಕಾದವರು ಹೇಳಿದವರು; ನಾವಲ್ಲ.

ಹಾಗಾದರೆ ಕಾರ್ಯತಃ ಮಾಡಬೇಕಾದದ್ದೇನು? ನನ್ನ ವಿದ್ಯಾರ್ಥಿಗಳಿಗೆ ಈಗ ಕೆಲವು ಮಾತುಗಳನ್ನು ಹೇಳುತ್ತೇನೆ. ಕೇಳಲು ಕುಳಿತಾಗಲೇ ನೀವು ಬರೆಯುವವರು, ಇದು ಕತೆಯೂ ಆಗಬಹುದು ಎಂಬುದನ್ನು ತಿಳಿಸಿರಿ. ಪಾಠದ ಕೆಲಸಕ್ಕೆಂದು ಕೇಳಿ ಕತೆಗೆ ಬಳಸುವುದು ಬೇಡ. ಬರೆದದ್ದನ್ನು ಅಚ್ಚಿಗೆ ಮೊದಲು ಅವರ ಭಾಷೆಯಲ್ಲಿ ಓದಿ ಹೇಳಿರಿ, ಯಾವುದು ನಿಮ್ಮ ಕಲ್ಪನೆ ಎಂಬುದನ್ನು ಬಿಡಿಸಿ ತೋರಿಸಿರಿ. ಕಲ್ಪನೆ ಬೇಕಾದಲ್ಲಿ ಹೆಸರನ್ನಲ್ಲ, ಗುರುತನ್ನೇ ಬದಲಿಸಿರಿ. ಊರಿನವರು ಓದಿದರೂ ಆ ಮನೆಯನ್ನು ಕಾಣದಷ್ಟು ದೂರಕ್ಕೆ ಕತೆಯನ್ನು ಒಯ್ಯಿರಿ. ಅದು ಸಾಧ್ಯವಾಗದಿದ್ದರೆ ಅವರು ಮಾಡದ ಅಪರಾಧವನ್ನು ಅವರ ಮೇಲೆ ಹೊರಿಸಬೇಡಿರಿ. ಬಹುಮಾನ ಬಂದರೆ ಮೊದಲು ಆ ಮನೆಗೆ ಹೋಗಿರಿ. ಹೇಳಿದವರು ಇಲ್ಲವಾಗಿದ್ದರೆ, ಈ ಬರೆಹದಿಂದ ಇಂದು ಬದುಕಿರುವ ಯಾರಿಗೆ ನೋವಾದೀತು ಎಂದು ಒಮ್ಮೆ ಕುಳಿತು ಯೋಚಿಸಿರಿ. ಇಷ್ಟರಿಂದ ಕತೆಯ ಬಿಗುವು ಸಡಿಲವಾಗುತ್ತದೆ ಎಂದು ಕೆಲವರು ಗೊಣಗುತ್ತಾರೆ. ನನ್ನ ಅನುಭವ ಬೇರೆ. ಅಂಗಳದಲ್ಲಿ ಇಬ್ಬರು ಹೆಂಗಸರು ಅರ್ಜಿಯ ಮಾತೆತ್ತದೆ ಉಂಡು ಬಡಿಸಿದ ಆ ಸನ್ನಿವೇಶವೇ ನಾನು ಹೆಣೆದ ವಿಶ್ವಾಸದ್ರೋಹಕ್ಕಿಂತ ದೊಡ್ಡ ಕತೆಯಾಗಿತ್ತು. ಮರಳಿ ಹೋಗಿ ಓದಿ ಹೇಳಿದ್ದರೆ ಆಕೆಯೇ ಅದನ್ನು ನನಗೆ ತಿಳಿಸುತ್ತಿದ್ದರೇನೋ.

ಆ ವಿದ್ಯಾರ್ಥಿನಿಗೆ ಕೊಡಬೇಕಾಗಿದ್ದ ಉತ್ತರಕ್ಕೆ ಬರುತ್ತೇನೆ. ಫಣಿಯಮ್ಮ ನಮಗೆ ಹೇಳಿರಲಿಲ್ಲ, ನಿಜ. ಕೇಳಿದಾಕೆಯ ಮಗಳು ಬರೆಯದಿದ್ದರೆ ಆ ಬಾಳು ಮನೆಯ ಕತ್ತಲೆಯಲ್ಲಿಯೇ ಉಳಿಯುತ್ತಿತ್ತು, ಅದೂ ನಿಜ. ಇಂದಿರಾ ಅವರು ಆ ಕತೆ ತಮಗೆ ಎಲ್ಲಿಂದ ಬಂತೆಂಬುದನ್ನು ಮುಚ್ಚಿಡಲಿಲ್ಲ. ಕಾದಂಬರಿಯನ್ನು ಮತ್ತೆ ಮತ್ತೆ ಓದಿದಾಗ ನನಗೆ ಅನ್ನಿಸುವುದು, ಇಟ್ಟವರು ಎಷ್ಟು ಘನತೆಯನ್ನು ಇಟ್ಟಿದ್ದರೋ ಅಷ್ಟನ್ನು ಈ ಕೃತಿ ಕಡಿಮೆ ಮಾಡದೆ ಹಿಂತಿರುಗಿಸಿದೆ ಎಂದು. ಹಾಗಿದ್ದರೂ, ಆಕೆ ಒಪ್ಪುತ್ತಿದ್ದರೇ ಎಂಬ ನಿನ್ನ ಪ್ರಶ್ನೆ ಉಳಿದೇ ಇರುತ್ತದೆ, ಅದು ಉಳಿಯಲಿ ಎಂದು ನಾನು ಅವಳಿಗೆ ಹೇಳಬೇಕಾಗಿತ್ತು.

ನನ್ನ ಕಥಾಸಂಕಲನ ಮರುಮುದ್ರಣವಾದಾಗ ಆ ಕತೆಯನ್ನು ಕೈಬಿಟ್ಟೆ. ಆ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಕಳೆದ ವರ್ಷ ಹಳೆಯ ಕ್ಯಾಸೆಟ್‌ಗಳ ಧ್ವನಿಯನ್ನು ಕಂಪ್ಯೂಟರಿಗೆ ವರ್ಗಾಯಿಸಿ, ಪೆನ್‌ಡ್ರೈವ್ ಒಂದನ್ನು ಹಿಡಿದು ಆ ಮನೆಗೆ ಹೋದೆ. ಮೊಮ್ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿದಳು. ಪಕ್ಕದ ಮನೆಯಿಂದ, ಅಂದರೆ ಆ ದಾಯಾದಿಗಳ ಮನೆಯಿಂದ, ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಹಾಡು ಮುಗಿದು ಅಂಗಳದ ಊಟದ ಪ್ರಸಂಗ ಬಂತು. ಅದನ್ನು ಹೇಳುತ್ತಾ ಅಜ್ಜಿ ಎರಡು ಬಾರಿ ನಕ್ಕಿದ್ದರು. ಮೂವತ್ತು ವರ್ಷ ಆ ಕ್ಯಾಸೆಟ್ ನನ್ನ ಬಳಿಯೇ ಇತ್ತು. ಆ ನಗುವನ್ನು ನಾನು ಎಲ್ಲಿಯೂ ಬರೆದುಕೊಂಡಿರಲಿಲ್ಲ. ಬಾಗಿಲಲ್ಲಿದ್ದವರಲ್ಲಿ ಹಿರಿಯರೊಬ್ಬರು ಕೊನೆಯವರೆಗೆ ಕೇಳಿ, “ಇನ್ನೊಮ್ಮೆ ಹಾಕು ಮಗಾ” ಎಂದು ಹುಡುಗಿಗೆ ಹೇಳಿದರು.